ಒಂದೇ ಪೆನ್ನಿನ ಐದು ಸಹಿ

ನಮ್ಮ ಸಂಘದ ಯುಗಾದಿ, ದೀಪಾವಳಿ ಕೂಟಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ಮಕ್ಕಳ ವಿಷಯ ಬಂದೇ ಬರುತ್ತದೆ. ಯಾರ ಮಗಳು ಸ್ಪೆಲಿಂಗ್ ಬೀಯಲ್ಲಿ ಎಷ್ಟನೆಯ ಸುತ್ತು ತಲುಪಿದಳು, ಯಾರ ಮಗನಿಗೆ ಯಾವ ಕಾಲೇಜು ಸಿಕ್ಕಿತು, ಎಲ್ಲವೂ ಎಲೆಗೆ ಹೋಳಿಗೆ ಬೀಳುವಷ್ಟರಲ್ಲಿ ಗೊತ್ತಾಗಿಬಿಡುತ್ತದೆ. ಆದರೆ "ನಮ್ಮ ಹುಡುಗನನ್ನು ಪ್ರಿನ್ಸಿಪಾಲರ ಆಫೀಸಿಗೆ ಕಳಿಸಿದರು" ಎಂದವರನ್ನು ನಾವಿನ್ನೂ ಕಂಡಿಲ್ಲ. ನಾವೂ ಹೇಳಿರಲಿಲ್ಲ ಬಿಡಿ. ಈ ಸಲ ಸಂಪಾದಕರು "ಏನಾದರೂ ಬರೆದುಕೊಡಿ ಡಾಕ್ಟ್ರೇ, ರಕ್ತದೊತ್ತಡ ಮಾತ್ರ ಬೇಡ, ಅದು ಕಳೆದ ಸಲವೇ ಆಯಿತು" ಎಂದಿದ್ದಾರೆ. ಆದ್ದರಿಂದ ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಹೇಳಿಬಿಡುತ್ತೇವೆ. ಮಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಈಗ ಅವನು ನಮಗಿಂತ ಅರ್ಧ ಅಡಿ ಎತ್ತರ!

2012ರ ಮಾತು. ಅವನು ಆಗ ನಾಲ್ಕನೆಯ ಗ್ರೇಡು. ಶಾಲೆ ಶುರುವಾಗಿ ಎರಡು ತಿಂಗಳು ತುಂಬುವುದರೊಳಗೆ ನಾಲ್ಕು ಸಲ ಆಫೀಸಿನ ಚೀಟಿ ಮನೆಗೆ ಬಂತು. ಸಾಲಿನಲ್ಲಿ ತಳ್ಳಿದ, ಊಟದ ಹಾಲಿನಲ್ಲಿ ಎದುರು ಮಾತಾಡಿದ, ಹೀಗೆ. ನಾವಿಬ್ಬರೂ ತಲೆ ತಗ್ಗಿಸಿಕೊಂಡು ಹೋದೆವು. ಪ್ರಿನ್ಸಿಪಾಲರು ಬೈಯಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಪಟ್ಟಿ ತೋರಿಸಿದರು. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಏನಾಯಿತು ಎಂದೆಲ್ಲ ಅದರಲ್ಲಿತ್ತು. ನಾಲ್ಕೂ ಗಲಾಟೆ ಮಧ್ಯಾಹ್ನದ ಊಟದ ಹೊತ್ತಿಗೇ ಆಗಿದ್ದವು. ರೋಗಿಯ ಜ್ವರದ ಚಾರ್ಟು ನೋಡಿದ ಹಾಗಾಯಿತು ನಮಗೆ. ಜ್ವರ ದಿನವಿಡೀ ಇಲ್ಲ, ಒಂದೇ ಹೊತ್ತಿಗೆ ಏರುತ್ತದೆ.

ಈ ಪದ್ಧತಿಗೆ ಇಲ್ಲಿಯವರು ಪಿ.ಬಿ.ಐ.ಎಸ್. ಎನ್ನುತ್ತಾರೆ. ತಪ್ಪು ಮಾಡಿದವನನ್ನು ದಂಡಿಸುವುದಕ್ಕೆ ಮೊದಲು ಒಳ್ಳೆಯ ನಡತೆಯನ್ನು ಗಣಿತದ ಹಾಗೆಯೇ ಪಾಠ ಮಾಡಿ ಕಲಿಸಬೇಕು, ಕಲಿತದ್ದನ್ನು ಕಂಡಾಗ ಮೆಚ್ಚಬೇಕು ಎಂಬುದು ಅದರ ತಿರುಳು. ಆರೆಗನ್ ವಿಶ್ವವಿದ್ಯಾಲಯದಲ್ಲಿದ್ದ ಜಾರ್ಜ್ ಸುಗಾಯ್, ರಾಬರ್ಟ್ ಹಾರ್ನರ್ ಮತ್ತು ಅವರ ಸಂಗಡಿಗರು ಇದನ್ನು ಬೆಳೆಸಿದರು. ವಿಕಲಚೇತನ ಮಕ್ಕಳ ಶಿಕ್ಷಣದ ಫೆಡರಲ್ ಕಾಯಿದೆಗೆ 1997ರಲ್ಲಿ ಆದ ತಿದ್ದುಪಡಿಯಲ್ಲಿ ಈ ಮಾತು ಸೇರಿತು. ಇದರಲ್ಲಿ ಮೂರು ಮೆಟ್ಟಿಲು. ಮೊದಲನೆಯದು ಎಲ್ಲ ಮಕ್ಕಳಿಗೂ, ನಮ್ಮ ಲಸಿಕೆಯ ಹಾಗೆ. ಎರಡನೆಯದು ಸ್ವಲ್ಪ ಹೆಚ್ಚು ಗಮನ ಬೇಕಾದವರಿಗೆ. ಮೂರನೆಯದು ಬೆರಳೆಣಿಕೆಯ ಕೆಲವರಿಗೆ.

ನಿಜ ಹೇಳಬೇಕೆಂದರೆ ಮೊದಲು ನಮಗೆ ನಗು ಬಂತು. ದಂಡಂ ದಶಗುಣಂ ಎಂದು ಬೆಳೆದವರು ನಾವು. ತಿಪಟೂರಿನ ಕಡೆಯ ನಮ್ಮ ಶಾಲೆಯಲ್ಲಿ ಮಗ್ಗಿ ತಪ್ಪಿದರೆ ಅಂಗೈ ಚಾಚಬೇಕಿತ್ತು. ಇಲ್ಲಿ ಸಾಲಿನಲ್ಲಿ ನೆಟ್ಟಗೆ ನಿಂತರೆ ಟಿಕೆಟ್ಟಂತೆ, ಟಿಕೆಟ್ಟು ಕೂಡಿಸಿದರೆ ಪೆನ್ಸಿಲ್ಲಂತೆ! ಇದು ಲಂಚವಲ್ಲದೆ ಇನ್ನೇನು ಎಂದು ಕಾರಿನಲ್ಲಿ ಬರುವಾಗ ಮಾತಾಡಿಕೊಂಡೆವು. ಆದರೂ ಪ್ರಿನ್ಸಿಪಾಲರು "ನಮ್ಮ ಸಮಿತಿಗೆ ಪೋಷಕರೊಬ್ಬರು ಬೇಕು" ಎಂದಾಗ ಬೇಡವೆನ್ನಲು ಬಾಯಿ ಬರಲಿಲ್ಲ. ಮಗ ಆಫೀಸಿನ ಗಿರಾಕಿ ಆಗಿರುವಾಗ ಬಿಂಕ ಎಲ್ಲಿಂದ ಬರಬೇಕು?

ಆ ಚಳಿಗಾಲದಲ್ಲಿ ಪರೀಕ್ಷೆಯ ದಿನ ಬಂತು. ಪರೀಕ್ಷೆ ಮಕ್ಕಳಿಗಲ್ಲ, ಶಾಲೆಗೆ. ನಡತೆ ಕಲಿಸುತ್ತೇವೆ ಎಂದು ಹೇಳಿಕೊಂಡ ಶಾಲೆ ಅದನ್ನು ಹೇಳಿದಂತೆ ಮಾಡುತ್ತಿದೆಯೇ ಎಂದು ನೋಡಲು ಹೊರಗಿನಿಂದ ಒಬ್ಬರು ಬಂದರು. ಆಗ ಬಳಸುತ್ತಿದ್ದ ಅಳತೆಗೋಲಿಗೆ 'ಸೆಟ್' ಎಂದು ಹೆಸರು. 7 ತಲೆಬರಹ, 28 ಪ್ರಶ್ನೆ, ಒಂದೊಂದಕ್ಕೆ ಸೊನ್ನೆ, ಒಂದು ಅಥವಾ ಎರಡು ಅಂಕ.

ನಮಗೆ ಥಟ್ಟನೆ ನೆನಪಾದದ್ದು ಊರಿನ ಶಾಲೆಗೆ ಎ.ಇ.ಓ. ಸಾಹೇಬರು ಬರುತ್ತಿದ್ದ ದಿನ. ಹಿಂದಿನ ದಿನವೇ ಅಂಗಳಕ್ಕೆ ಸಗಣಿ ನೀರು, ಬಾಗಿಲಿಗೆ ತೋರಣ. ವರ್ಷವೆಲ್ಲ ಬೀರುವಿನೊಳಗೆ ಬೀಗ ಹಾಕಿಸಿಕೊಂಡಿದ್ದ ಭೂಗೋಳ ಅಂದು ಮೇಜಿನ ಮೇಲೆ ಬಂದು ಕೂರುತ್ತಿತ್ತು. ಮೇಷ್ಟ್ರ ಬೆತ್ತ ಅಟ್ಟ ಸೇರುತ್ತಿತ್ತು. ಸಾಹೇಬರು ಎಳನೀರು ಕುಡಿದು, ರಿಜಿಸ್ಟರಿಗೆ ಸಹಿ ಹಾಕಿ ಹೊರಟರೆ ಸಂಜೆಗೆ ಭೂಗೋಳ ಬೀರುವಿಗೆ, ಬೆತ್ತ ಕೈಗೆ.

ಇಲ್ಲಿಯೂ ಗೋಡೆಗಳು ಜೋರಾಗಿಯೇ ಇದ್ದವು. ಸುರಕ್ಷಿತವಾಗಿರು, ಗೌರವದಿಂದಿರು, ಜವಾಬ್ದಾರಿಯಿಂದಿರು ಎಂಬ ಮೂರು ನಿಯಮಗಳು ಕಾರಿಡಾರಿನಿಂದ ಬಚ್ಚಲ ಬಾಗಿಲವರೆಗೆ ಬಣ್ಣ ಬಣ್ಣವಾಗಿ ಅಂಟಿದ್ದವು. ಬಂದಾಕೆ ಅವನ್ನೂ ಎಣಿಸಿದರು. 10 ಜಾಗ ನೋಡಿದರೆ 8ರಲ್ಲಿ ಇರಬೇಕಂತೆ. ಆಮೇಲೆ ಎ.ಇ.ಓ. ಸಾಹೇಬರು ಎಂದೂ ಮಾಡದ ಕೆಲಸ ಮಾಡಿದರು. ಕಾರಿಡಾರಿನಲ್ಲಿ ಸಿಕ್ಕಸಿಕ್ಕ ಮಕ್ಕಳನ್ನು ನಿಲ್ಲಿಸಿ "ನಿನ್ನ ಶಾಲೆಯ ನಿಯಮಗಳೇನು?" ಎಂದು ಕೇಳಿದರು. ಕಡಿಮೆಯೆಂದರೆ 15 ಮಕ್ಕಳನ್ನು ಕೇಳಬೇಕು, ಅವರಲ್ಲಿ ನೂರಕ್ಕೆ 70 ಮಂದಿಯಾದರೂ ಮೂರರಲ್ಲಿ ಎರಡು ನಿಯಮ ಹೇಳಬೇಕು. "ಕಳೆದ ಎರಡು ತಿಂಗಳಲ್ಲಿ ನಿನಗೆ ಬಹುಮಾನ ಸಿಕ್ಕಿದೆಯೇ?" ಎಂಬುದು ಇನ್ನೊಂದು ಪ್ರಶ್ನೆ. ಮೇಷ್ಟರುಗಳಿಗೂ ಬಿಡುವಿಲ್ಲ. ಯಾವ ತಪ್ಪಿಗೆ ಆಫೀಸು, ಯಾವ ತಪ್ಪಿಗೆ ತರಗತಿಯಲ್ಲೇ ಪರಿಹಾರ ಎಂದು ಅವರನ್ನು ಬೇರೆ ಬೇರೆಯಾಗಿ ಕೇಳಿ ಉತ್ತರಗಳನ್ನು ಪ್ರಿನ್ಸಿಪಾಲರ ಉತ್ತರದ ಜೊತೆ ತಾಳೆ ನೋಡುತ್ತಾರೆ.

ಫಲಿತಾಂಶ ಸಮಿತಿಯ ಮುಂದೆ ಬಂತು. ಒಟ್ಟಿನಲ್ಲಿ ಶೇಕಡಾ 82. ಆದರೆ "ಕಲಿಸಿದ್ದೀರಾ" ಎಂಬ ಭಾಗದಲ್ಲಿ 60 ಮಾತ್ರ. 15 ಮಕ್ಕಳಲ್ಲಿ ನಿಯಮ ಹೇಳಿದವರು 7 ಜನ. ಒಟ್ಟು ಅಂಕ ಮತ್ತು ಕಲಿಸುವಿಕೆ ಎರಡೂ 80 ದಾಟಿದರೆ ಮಾತ್ರ ಪಾಸು ಎಂಬುದು ಲೆಕ್ಕ. ಪೋಸ್ಟರು ಪಾಸಾಗಿತ್ತು, ಪಾಠ ನಪಾಸಾಗಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮಾತ್ರೆಯ ಶೀಶೆ ಕಪಾಟಿನಲ್ಲಿತ್ತು, ರೋಗಿ ನುಂಗಿರಲಿಲ್ಲ.

ಅಂದು ಸಂಜೆ ಮಗ ಹೇಳಿದ: "ನನ್ನನ್ನೂ ಕೇಳಿದರು. ಮೂರೂ ರೂಲ್ ಹೇಳಿದೆ. ಟಿಕೆಟ್ ಸಿಕ್ಕಿದೆಯಾ ಅಂದರು. ಇಲ್ಲ ಅಂದೆ." ಎರಡು ತಿಂಗಳಲ್ಲಿ ಒಂದೂ ಇಲ್ಲ! ನಮಗೆ ರೇಗಿತು. ಮುಂದಿನ ಸಭೆಯಲ್ಲಿ ದನಿ ಏರಿಸಿಯೇ ಮಾತಾಡಿದೆವು. ಮೆಚ್ಚುಗೆ ಬೇಕಾದ ಮಗುವಿಗೇ ಮೆಚ್ಚುಗೆ ಇಲ್ಲದಿದ್ದರೆ ಇದೆಂಥ ಯೋಜನೆ, ಬರೀ ಕಾಗದವೇ ಎಂದೆವು. ಪುಣ್ಯಾತ್ಮರು ತಪ್ಪು ಒಪ್ಪಿಕೊಂಡರು. ಮಗನನ್ನು ಎರಡನೆಯ ಮೆಟ್ಟಿಲಿಗೆ ಸೇರಿಸಿ ದಿನಕ್ಕೊಂದು ಕಾರ್ಡು ಕೊಟ್ಟರು. ಬೆಳಿಗ್ಗೆ ಕೌನ್ಸೆಲರ್ ಒಬ್ಬರು ಅವನನ್ನು ಕಂಡು ಮಾತಾಡಿಸಬೇಕು, ತರಗತಿಗಳಲ್ಲಿ ಮೇಷ್ಟರು ಅಂಕ ಬರೆಯಬೇಕು, ಸಂಜೆ ಕೌನ್ಸೆಲರ್ ಮತ್ತೆ ಕಾಣಬೇಕು, ಮನೆಯಲ್ಲಿ ನಾವು ನೋಡಿ ಸಹಿ ಮಾಡಬೇಕು. ಅಷ್ಟೇ.

ನಾಲ್ಕು ವಾರದ ಮೇಲೆ ಕೌನ್ಸೆಲರ್ ನಮ್ಮನ್ನು ಕರೆದರು. ಮೇಜಿನ ಮೇಲೆ ಒಂದು ಹಾಳೆ. ಬೆಳಗಿನ ಭೇಟಿ, ಮೇಷ್ಟರ ಅಂಕ, ಸಂಜೆಯ ಭೇಟಿ, ಎಲ್ಲ ಕಾಲಮ್ಮುಗಳೂ ತುಂಬಿದ್ದವು. ಕೊನೆಯದು ಮನೆಯ ಸಹಿ. 20 ದಿನದಲ್ಲಿ ಆಯಾ ದಿನವೇ ಆದದ್ದು 6. ಆಕೆ ಮೆಲ್ಲಗೆ ಒಂದು ವಾರದ ಕಾರ್ಡುಗಳನ್ನು ಸಾಲಾಗಿ ಇಟ್ಟರು. ಐದೂ ಸಹಿ ಒಂದೇ ಹಸಿರು ಪೆನ್ನಿನಲ್ಲಿದ್ದವು. ಏನೂ ಹೇಳಲಿಲ್ಲ.

ಹೇಳುವ ಅಗತ್ಯವೂ ಇರಲಿಲ್ಲ. ಸಕ್ಕರೆ ಕಾಯಿಲೆಯವರು ದಿನವೂ ರಕ್ತ ಪರೀಕ್ಷಿಸಿ ಬರೆಯಬೇಕಾದ ಪುಸ್ತಕವನ್ನು ಕ್ಲಿನಿಕ್ಕಿನ ಪಾರ್ಕಿಂಗ್ ಲಾಟಿನಲ್ಲಿ ಕೂತು ತುಂಬಿಸಿ ತರುತ್ತಾರೆ. ಒಂದೇ ಶಾಯಿ, ಒಂದೇ ಓಟದ ಬರಹ, ಮೂವತ್ತು ದಿನವೂ ಮುದ್ದಾದ ಸಂಖ್ಯೆಗಳು. ರೆಸಿಡೆನ್ಸಿಯ ಮೊದಲ ವರ್ಷದಿಂದಲೂ ಅದನ್ನು ಹಿಡಿದು ರೋಗಿಗಳಿಗೆ ಪ್ರವಚನ ಕೊಟ್ಟವರು ನಾವು. ಆನ್ ಕಾಲ್ ಎಂದು, ನೈಟ್ ಡ್ಯೂಟಿ ಎಂದು, ಭಾನುವಾರ ರಾತ್ರಿ ವಾರದ ಕಾರ್ಡುಗಳಿಗೆಲ್ಲ ಒಟ್ಟಿಗೆ ಸಹಿ ಗೀಚಿದವರೂ ನಾವೇ. ಹೇಳುವುದು ಆಚಾರ, ತಿನ್ನುವುದು ಬದನೇಕಾಯಿ.

ಮನೆಗೆ ಬಂದು ಮಗನನ್ನು ಕೇಳಿದೆವು: "ಸಹಿ ಬೇಕು ಅಂತ ನೀನ್ಯಾಕೆ ಹೇಳಲಿಲ್ಲ?" "ದಿನಾ ಅಡಿಗೆಮನೆ ಕೌಂಟರ್ ಮೇಲೆ ಇಡ್ತಿದ್ದೆನಲ್ಲ" ಎಂದ. ಅಷ್ಟೇ ಅಂದ. ಆ ವಾರದ ಕಾರ್ಡುಗಳನ್ನು ಮೊದಲ ಬಾರಿ ಓದಿದೆವು. ಗುರುವಾರ ಅವನಿಗೆ ನೂರಕ್ಕೆ 92. ಊಟದ ಹೊತ್ತಿನ ಎದುರು ಪೂರ್ತಿ ಅಂಕ, ಪಕ್ಕದಲ್ಲಿ ಮೇಷ್ಟರು ಬಿಡಿಸಿದ ನಗುಮುಖ. ಆ ಕಾರ್ಡು ಮೂರು ದಿನ ನಮ್ಮ ಟಪಾಲಿನ ರಾಶಿಯ ಕೆಳಗಿತ್ತು.

ಆಮೇಲೆ ಪವಾಡವೇನೂ ಆಗಲಿಲ್ಲ. ಇನ್ನೊಂದು ಸಲ ಆಫೀಸಿನ ಚೀಟಿ ಬಂತು. ಆದರೆ ರಾತ್ರಿ ಎಷ್ಟು ತಡವಾದರೂ ನಮ್ಮಿಬ್ಬರಲ್ಲಿ ಒಬ್ಬರು ಕಾರ್ಡು ಓದಿ, ಒಂದು ಸಾಲು ಬರೆದು ಮಲಗುತ್ತಿದ್ದೆವು. ಬೆಳಿಗ್ಗೆ ಅವನು ಮೊದಲು ನೋಡುತ್ತಿದ್ದುದು ಆ ಸಾಲನ್ನೇ. ಶಾಲೆಯವರು ಪ್ರತಿ ಸೋಮವಾರ ಊಟದ ಹಾಲಿನಲ್ಲೇ ಮಕ್ಕಳನ್ನು ನಿಲ್ಲಿಸಿ, ಸಾಲು ಹೇಗೆ, ತಟ್ಟೆ ಹೇಗೆ ಎಂದು ಮಾಡಿಸಿ ಕಲಿಸತೊಡಗಿದರು. ಮರುವರ್ಷ ಶಾಲೆ ಪಾಸಾಯಿತು.

ಇದೆಲ್ಲ ನಿಜಕ್ಕೂ ಫಲ ಕೊಡುತ್ತದೆಯೇ ಎಂದು ನೀವು ಕೇಳಬಹುದು. ಅದೇ 2012ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಮೇರಿಲ್ಯಾಂಡಿನ 37 ಪ್ರಾಥಮಿಕ ಶಾಲೆಗಳ, 12,344 ಮಕ್ಕಳ ಅಧ್ಯಯನ ಬಂತು. ಈ ಪದ್ಧತಿಯ ಶಾಲೆಗಳ ಮಕ್ಕಳು ಆಫೀಸಿಗೆ ಹೋಗುವ ಸಂಭವ ಶೇಕಡಾ 33ರಷ್ಟು ಕಡಿಮೆ ಎಂದು ಅದರಲ್ಲಿ ಕಂಡುಬಂತು. ಆದರೆ ಒಟ್ಟು ಅಂಕ ಎಲ್ಲವನ್ನೂ ಹೇಳುವುದಿಲ್ಲ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿಯ 2018ರ ವರದಿಯ ಪ್ರಕಾರ 2013-14ರಲ್ಲಿ ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ಕರಿಯರು ಶೇಕಡಾ 15.5, ಸಸ್ಪೆಂಡ್ ಆದವರಲ್ಲಿ ಮಾತ್ರ ಸುಮಾರು 39. ಚೀಟಿ ಯಾರಿಗೆ, ಟಿಕೆಟ್ಟು ಯಾರಿಗೆ ಎಂದು ಬಿಡಿಸಿ ನೋಡದ ಅಳತೆ ಅರ್ಧ ಅಳತೆಯೇ. 2014ರಲ್ಲಿ ಮೂರೂ ಮೆಟ್ಟಿಲುಗಳನ್ನು ಅಳೆಯುವ ಟಿ.ಎಫ್.ಐ. ಎಂಬ ಹೊಸ ಅಳತೆಗೋಲು ಬಂದಿದೆ. ಅದರಲ್ಲೂ ಯಾರೋ ಒಬ್ಬರು ಕಾರಿಡಾರಿನಲ್ಲಿ ನಿಂತು ಮಕ್ಕಳನ್ನು ಕೇಳಲೇಬೇಕು.

ಆದ್ದರಿಂದ ನಮ್ಮದೊಂದು ಸಲಹೆ. ಮುಂದಿನ ಪೇರೆಂಟ್-ಟೀಚರ್ ಭೇಟಿಯಲ್ಲಿ ಗ್ರೇಡಿನ ಜೊತೆಗೆ ಇದನ್ನೂ ಕೇಳಿ: ನಡತೆಯ ಪಾಠವನ್ನು ಯಾವಾಗ, ಎಲ್ಲಿ ಕಲಿಸುತ್ತೀರಿ? ಹೇಳಿದಂತೆ ನಡೆಯುತ್ತಿದೆಯೇ ಎಂದು ಕೊನೆಯ ಸಲ ಅಳೆದದ್ದು ಯಾವಾಗ? ಕೇಳಿ ಮನೆಗೆ ಬಂದ ಮೇಲೆ, ಕಳೆದ ಎರಡು ತಿಂಗಳಲ್ಲಿ ನಮ್ಮ ಬಾಯಿಂದ ಒಂದು ಮೆಚ್ಚುಗೆ ಬಂದಿದೆಯೇ ಎಂದು ಮಗುವನ್ನೇ ಕೇಳಿ ನೋಡಿ. ಉತ್ತರ ಏನೇ ಬಂದರೂ ರೇಗಬೇಡಿ.

ಮತ್ತೆ ಯುಗಾದಿಯ ಊಟದ ಸಾಲಿನಲ್ಲಿ ಸಿಗೋಣ. ಯಾರಾದರೂ ಆಫೀಸಿನ ಕಥೆ ಹೇಳುವುದಿದ್ದರೆ ನಾವು ಕೇಳಲು ಸಿದ್ಧ.