ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ

ಮೂವತ್ತೆರಡು ವರ್ಷ ಪಾಠ ಹೇಳಿದ ಮೇಷ್ಟರು ಅವರು. ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ, ಕೊನೆಗೆ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಶಾಲೆಯ ಗೇಟಿಗೆ ಎದುರಾಗಿಯೇ ಹೆದ್ದಾರಿ. ಹಾಗಾಗಿ ಪ್ರತಿವರ್ಷ ಶಾಲೆ ತೆರೆದ ಮೊದಲ ವಾರ, ಬೆಳಗಿನ ಪ್ರಾರ್ಥನೆ ಮುಗಿದೊಡನೆ ಅವರದೊಂದು ಪಾಠ ಇದ್ದೇ ಇರುತ್ತಿತ್ತು: “ರಸ್ತೆ ದಾಟುವಾಗ ಮೊದಲು ಬಲಕ್ಕೆ ನೋಡಿ, ಆಮೇಲೆ ಎಡಕ್ಕೆ ನೋಡಿ, ಮತ್ತೊಮ್ಮೆ ಬಲಕ್ಕೆ ನೋಡಿ ದಾಟಿ.” ಮಕ್ಕಳು ಅದನ್ನು ಮಗ್ಗಿಯ ಹಾಗೆ ಒಕ್ಕೊರಲಿನಲ್ಲಿ ಒಪ್ಪಿಸುತ್ತಿದ್ದರು.

ಅದೇ ಪಾಠ ಅಮೆರಿಕದ ನ್ಯೂಜೆರ್ಸಿಯಲ್ಲಿ ಮೇಷ್ಟರ ಪ್ರಾಣಕ್ಕೇ ಸಂಚಕಾರ ತರುವುದರಲ್ಲಿತ್ತು. ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಹೋದವರು, ಮೂರನೆಯ ದಿನ ಬೆಳಿಗ್ಗೆ ಎಂಟು ವರ್ಷದ ಮೊಮ್ಮಗನ ಕೈ ಹಿಡಿದು ವಾಕಿಂಗ್ ಹೊರಟಿದ್ದರು. ರಸ್ತೆಯ ಅಂಚಿನಲ್ಲಿ ನಿಂತು ಶಾಸ್ತ್ರೋಕ್ತವಾಗಿ ಬಲಕ್ಕೆ ನೋಡಿದರು. ಯಾವ ವಾಹನವೂ ಇರಲಿಲ್ಲ. ಹೆಜ್ಜೆ ಇಟ್ಟರು. ಎಡಗಡೆಯಿಂದ ಬಂದ ಕಾರೊಂದು ಕೀಚೆಂದು ಸದ್ದು ಮಾಡಿ, ಮಾರುದೂರದಲ್ಲಿ ನಿಂತಿತು. ಕಾರಿನಲ್ಲಿದ್ದ ಹೆಂಗಸು ಬೈಯಲಿಲ್ಲ, ಹಾರನ್ನೂ ಮಾಡಲಿಲ್ಲ. ದಾಟಿ ಎಂದು ಕೈಸನ್ನೆ ಮಾಡಿದಳು. ಮೇಷ್ಟರು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ ದಾಟಿದರು. ಆಚೆ ಬದಿ ತಲುಪಿದ ಮೇಲೆ ಮೊಮ್ಮಗ ಹೇಳಿದ: “ತಾತಾ, ಇಲ್ಲಿ ಫಸ್ಟ್ ಲೆಫ್ಟ್ ನೋಡ್ಬೇಕು. ನಂಗೆ ಸ್ಕೂಲಲ್ಲಿ ಹೇಳ್ಕೊಟ್ಟಿದಾರೆ.”

ಸಾವಿರಾರು ಮಕ್ಕಳಿಗೆ ಹೇಳಿಕೊಟ್ಟ ಪಾಠವನ್ನು ಎಂಟು ವರ್ಷದ ಮಗುವಿನಿಂದ ತಿದ್ದಿಸಿಕೊಳ್ಳುವ ಪ್ರಸಂಗ ಬಂತಲ್ಲ ಎಂದು ಮೇಷ್ಟರಿಗೆ ನಗು ಬಂತು. ಆದರೆ ಮೊಣಕಾಲು ಮಾತ್ರ ಮನೆ ಸೇರುವ ತನಕ ನಡುಗುತ್ತಲೇ ಇತ್ತು.

ಎಡ-ಬಲದ ಈ ಗೊಂದಲ ಅಲ್ಲಿಗೇ ಮುಗಿಯಲಿಲ್ಲ. ಕಾರು ಹತ್ತುವಾಗ ಪ್ರತಿಸಲವೂ ಮೇಷ್ಟರು ಚಾಲಕರ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದರು. “ಅಪ್ಪಾ, ಡ್ರೈವ್ ಮಾಡ್ತೀರಾ?” ಎಂದು ಮಗಳು ಕೀಲಿ ಚಾಚಿ ನಗುತ್ತಿದ್ದಳು. ಕೆಂಪು ದೀಪ ಉರಿಯುತ್ತಿದ್ದಾಗಲೂ ಅಳಿಯ ಒಮ್ಮೆ ಪೂರ್ತಿ ನಿಂತು, ನೋಡಿ, ಬಲಕ್ಕೆ ತಿರುಗಿಸಿದಾಗ ಮೇಷ್ಟರು ಗಾಬರಿಯಾದರು. ಅಲ್ಲಿ ಅದು ತಪ್ಪಲ್ಲ. ಬೇಡವೆಂಬ ಫಲಕ ಇಲ್ಲದಿದ್ದರೆ ಹಾಗೆ ತಿರುಗಬಹುದು. ಆದರೆ ಹಡ್ಸನ್ ನದಿ ದಾಟಿ ನ್ಯೂಯಾರ್ಕ್ ನಗರಕ್ಕೆ ಹೋದರೆ ಕಾನೂನು ತಿರುವುಮುರುವು. ಅಲ್ಲಿ ತಿರುಗಬಹುದೆಂಬ ಫಲಕ ಇದ್ದರಷ್ಟೇ ತಿರುಗಬೇಕು. ನದಿಯ ಈ ದಡಕ್ಕೊಂದು ನ್ಯಾಯ, ಆ ದಡಕ್ಕೊಂದು ನ್ಯಾಯ!

ಗಣಿತದ ಮನಸ್ಸು ಸುಮ್ಮನಿರಬೇಕಲ್ಲ. ಊರಿನ ಗ್ರಂಥಾಲಯದಲ್ಲಿ ಕುಳಿತು ಮೇಷ್ಟರು ಈ ವಿಷಯವನ್ನೇ ಹುಡುಕಿ ಓದತೊಡಗಿದರು. ಇಂಗ್ಲೆಂಡಿನಲ್ಲಿ ಎಡಬದಿಯ ಸಂಚಾರವನ್ನು 1835ರ ಹೆದ್ದಾರಿ ಕಾಯಿದೆ ಗಟ್ಟಿ ಮಾಡಿತು. ಬ್ರಿಟಿಷರ ಆಳ್ವಿಕೆಯೊಂದಿಗೆ ಅದು ಭಾರತದಲ್ಲೂ ನೆಲೆಯೂರಿತು. ಅಮೆರಿಕದ ಪೆನ್ಸಿಲ್ವೇನಿಯಾ 1792ರಲ್ಲೇ ತನ್ನ ಹೆದ್ದಾರಿಯೊಂದಕ್ಕೆ ಬಲಬದಿಯ ನಿಯಮ ಮಾಡಿತ್ತು. ಹಲವು ಕುದುರೆ ಕಟ್ಟಿದ ಸರಕಿನ ಬಂಡಿ ಹೊಡೆಯುವವನು ಎಡಗಡೆಯ ಹಿಂದಿನ ಕುದುರೆಯ ಮೇಲೆ ಕೂರುತ್ತಿದ್ದ. ಎದುರು ಬರುವ ಬಂಡಿಯ ಚಕ್ರ ತನ್ನ ಚಕ್ರಕ್ಕೆ ತಗುಲದಂತೆ ನೋಡಿಕೊಳ್ಳಲು ಬಲಬದಿಯೇ ಅವನಿಗೆ ಅನುಕೂಲವಾಗಿತ್ತು ಎನ್ನುತ್ತಾರೆ. ಅಂತೂ ಇದರಲ್ಲಿ ಧರ್ಮಸೂಕ್ಷ್ಮವೇನೂ ಇಲ್ಲ. ಎಡವೂ ಸರಿ, ಬಲವೂ ಸರಿ. ಎಲ್ಲರೂ ಒಂದೇ ಕಡೆ ಹೋದರಾಯಿತು.

ಅವರಿಗೆ ಬಹಳ ಹಿಡಿಸಿದ್ದು ಸ್ವೀಡನ್ನಿನ ಕಥೆ. ಅಕ್ಕಪಕ್ಕದ ನಾರ್ವೆ, ಫಿನ್‌ಲೆಂಡ್‌ಗಳು ಬಲಕ್ಕೆ ಸಾಗುತ್ತಿದ್ದರೆ ಸ್ವೀಡನ್ ಎಡಕ್ಕೆ ಸಾಗುತ್ತಿತ್ತು. ಅಲ್ಲಿನ ಹೆಚ್ಚಿನ ಕಾರುಗಳಿಗೆ ಸ್ಟಿಯರಿಂಗ್ ಇದ್ದದ್ದೂ ಎಡಗಡೆಗೇ. ಆದರೂ 1955ರಲ್ಲಿ ಜನಮತ ಕೇಳಿದಾಗ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಬದಲಾವಣೆ ಬೇಡವೆಂದರು. 1963ರಲ್ಲಿ ಸಂಸತ್ತು ಅದನ್ನು ಮೀರಿ ತೀರ್ಮಾನ ಕೈಗೊಂಡಿತು. ನಾಲ್ಕು ವರ್ಷ ತಯಾರಿ ನಡೆಯಿತು. 1967ರ ಸೆಪ್ಟೆಂಬರ್ 3ರ ಭಾನುವಾರ, ಬೆಳಗಿನ ಜಾವ 4 ಗಂಟೆ 50 ನಿಮಿಷಕ್ಕೆ ರಸ್ತೆಯಲ್ಲಿದ್ದ ವಾಹನಗಳೆಲ್ಲ ನಿಂತವು. ಮೆಲ್ಲಗೆ ಎಡದಿಂದ ಬಲಕ್ಕೆ ಸರಿದು ಮತ್ತೆ ನಿಂತವು. ಸರಿಯಾಗಿ 5 ಗಂಟೆಗೆ ಹೊಸ ಬದಿಯಲ್ಲಿ ಹೊರಟವು. ಒಂದು ಇಡೀ ದೇಶ ಹತ್ತು ನಿಮಿಷದಲ್ಲಿ ಮಗ್ಗುಲು ಬದಲಿಸಿತ್ತು!

ಅನಾಹುತವಾದೀತೆಂದು ಹೆದರಿದ್ದವರಿಗೆ ಆಶ್ಚರ್ಯ ಕಾದಿತ್ತು. ಮರುದಿನ ಸೋಮವಾರ ಅಪಘಾತಗಳು ಮಾಮೂಲಿ ಸೋಮವಾರಗಳಿಗಿಂತ ಹೆಚ್ಚಾಗಲಿಲ್ಲ. ಮುಂದೆ ಕೆಲವು ತಿಂಗಳು ಇನ್ನೂ ಕಡಿಮೆಯಾದವು. ಹೊಸ ನಿಯಮವೆಂದು ಎಲ್ಲರೂ ಮೈಯೆಲ್ಲ ಕಣ್ಣಾಗಿ ಓಡಿಸುತ್ತಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಹೊಸದು ಹಳೆಯದಾಯಿತು, ಎಚ್ಚರ ಸಡಿಲಿತು, ಅಪಘಾತಗಳು ಹಿಂದಿನ ಮಟ್ಟಕ್ಕೇ ಬಂದು ನಿಂತವು. ಈ ಸಾಲುಗಳನ್ನು ಮೇಷ್ಟರು ಎರಡು ಸಲ ಓದಿದರು.

ಬಲದಿಂದ ಎಡಕ್ಕೆ ಬಂದವರೂ ಇದ್ದಾರೆ. ಜಪಾನಿನ ಒಕಿನಾವ 1978ರಲ್ಲಿ ದೇಶದ ಉಳಿದ ಭಾಗದಂತೆ ಎಡಕ್ಕೆ ಬಂತು. ಪೆಸಿಫಿಕ್ ಸಾಗರದ ಪುಟ್ಟ ದೇಶ ಸಮೋವಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಬಳಸಿದ ಕಾರುಗಳು ಅಗ್ಗವಾಗಿ ದೊರೆಯಲೆಂದು 2009ರಲ್ಲಿ ಎಡಕ್ಕೆ ಬಂತು. ದಂಡದ ಲೆಕ್ಕವೂ ಎಲ್ಲ ಕಡೆ ಒಂದೇ ಅಲ್ಲ. ಫಿನ್‌ಲೆಂಡಿನಲ್ಲಿ ಅತಿವೇಗ ತೀರಾ ಮಿತಿಮೀರಿದರೆ ದಂಡವನ್ನು ಚಾಲಕನ ವರಮಾನ ನೋಡಿ ನಿಗದಿ ಮಾಡುತ್ತಾರೆ. ಸಿರಿವಂತನಿಗೂ ಕೂಲಿಯವನಿಗೂ ಪೆಟ್ಟು ಸಮನಾಗಿ ತಾಗಬೇಕು ಎಂಬುದು ಅಲ್ಲಿನ ತರ್ಕ.

ಓದಿ ತಿಳಿದದ್ದು ಇಷ್ಟಾದರೆ, ಕಣ್ಣಾರೆ ಕಂಡು ಮೇಷ್ಟರ ಮನಸ್ಸಿನಲ್ಲಿ ನಿಂತದ್ದು ಒಂದು ಹಳದಿ ಬಸ್ಸು. ಬೆಳಿಗ್ಗೆ ಮೊಮ್ಮಗನನ್ನು ಶಾಲೆಯ ಬಸ್ಸಿಗೆ ಹತ್ತಿಸುವ ಕೆಲಸ ಅವರದಾಗಿತ್ತು. ಬಸ್ಸು ನಿಂತೊಡನೆ ನೆತ್ತಿಯ ಮೇಲಿನ ಕೆಂಪು ದೀಪಗಳು ಮಿನುಗುತ್ತವೆ, ಪಕ್ಕದಿಂದ ‘ನಿಲ್ಲಿ’ ಎಂಬ ಕೆಂಪು ಫಲಕ ಬಾಗಿಲಿನಂತೆ ತೆರೆದುಕೊಳ್ಳುತ್ತದೆ. ಹಿಂದಿನಿಂದ ಬರುವ ವಾಹನಗಳಷ್ಟೇ ಅಲ್ಲ, ನಡುವೆ ವಿಭಜಕವಿಲ್ಲದ ರಸ್ತೆಯಾದರೆ ಎದುರಿನಿಂದ ಬರುವವೂ ಕನಿಷ್ಠ 25 ಅಡಿ ದೂರದಲ್ಲಿ ನಿಲ್ಲಲೇಬೇಕು. ಮಗು ಬಸ್ಸಿನ ಮುಂದುಗಡೆಯಿಂದ ರಸ್ತೆ ದಾಟಿ, ದೀಪ ಆರುವವರೆಗೆ ಯಾರೂ ಕದಲುವಂತಿಲ್ಲ. ಒಂದು ಬೆಳಿಗ್ಗೆ ಮಳೆಯಲ್ಲಿ ಮೊಮ್ಮಗನ ನೀರಿನ ಬಾಟಲಿ ಜಾರಿ ರಸ್ತೆಯ ನಡುವೆ ಬಿತ್ತು. ಅವನು ಬಗ್ಗಿ, ಎತ್ತಿಕೊಂಡು, ಒರೆಸಿಕೊಂಡು ಹತ್ತುವ ತನಕ ಎರಡೂ ಕಡೆ ಹತ್ತಾರು ಕಾರುಗಳು, ಒಂದು ದೊಡ್ಡ ಲಾರಿ ಸದ್ದಿಲ್ಲದೆ ನಿಂತಿದ್ದವು. ರಾಷ್ಟ್ರಪತಿಗಳ ವಾಹನ ಹೋಗುವಾಗ ಹೀಗೆ ನಿಲ್ಲಿಸುತ್ತಾರೆ ಎಂದುಕೊಂಡರು ಮೇಷ್ಟರು. ಇಲ್ಲಿ ಎಂಟು ವರ್ಷದ ಹುಡುಗನಿಗಾಗಿ ಊರು ನಿಂತಿತ್ತು.

ಪಕ್ಕದ ಮನೆಯ ಹದಿನೇಳರ ಹುಡುಗನ ಕಾರಿನ ನಂಬರ್ ಪ್ಲೇಟಿಗೆ ಪುಟ್ಟದೊಂದು ಕೆಂಪು ಪಟ್ಟಿ ಅಂಟಿಸಿತ್ತು. ಅದೇನೆಂದು ಮೇಷ್ಟರು ವಿಚಾರಿಸಿದರು. 21 ತುಂಬದ ಹೊಸ ಚಾಲಕರಿಗೆ 2010ರಿಂದ ನ್ಯೂಜೆರ್ಸಿಯಲ್ಲಿ ಆ ಪಟ್ಟಿ ಕಡ್ಡಾಯ. ಪೂರ್ಣ ಲೈಸೆನ್ಸು ಕೈಗೆ ಬರುವ ತನಕ ರಾತ್ರಿ 11ರ ಬಳಿಕ ಬೆಳಿಗ್ಗೆ 5ರವರೆಗೆ ಅವರು ಕಾರು ಓಡಿಸುವಂತಿಲ್ಲ, ಗೆಳೆಯರನ್ನು ತುಂಬಿಕೊಂಡು ಹೋಗುವಂತೆಯೂ ಇಲ್ಲ. ಜಪಾನಿನಲ್ಲಿ ಹೊಸಬರು ಒಂದು ವರ್ಷ ಹಸಿರು-ಹಳದಿ ಎಲೆಯ ಗುರುತು ಅಂಟಿಸಿಕೊಳ್ಳುತ್ತಾರೆ. ಎಳೆಯ ಕೈ ಇದು, ಸ್ವಲ್ಪ ತಾಳ್ಮೆ ಇರಲಿ ಎಂದು ಉಳಿದವರಿಗೆ ಹೇಳುವ ರೀತಿ ಅದು.

ಆ ಕೆಂಪು ಪಟ್ಟಿ ನೋಡಿದ ರಾತ್ರಿ ಮೇಷ್ಟರಿಗೆ ನಿದ್ದೆ ಹತ್ತಲಿಲ್ಲ. ಊರಿನಲ್ಲಿರುವ ಇನ್ನೊಬ್ಬ ಮೊಮ್ಮಗ, ಮಗನ ಮಗ, ಕಣ್ಣ ಮುಂದೆ ಬಂದ. ಹದಿನಾರರ ಹುಡುಗ, ಓದಿನಲ್ಲಿ ಚುರುಕು. ಟ್ಯೂಷನ್ನಿಗೆ ತಡವಾಗುತ್ತದೆಂದು ಸ್ಕೂಟರಿನಲ್ಲಿ ಹೋಗುತ್ತಿದ್ದ. ಮನೆಯ ಹಿಂದಿನ ಬಯಲಿನಲ್ಲಿ ಅವನಿಗೆ ಸ್ಕೂಟರು ಕಲಿಸಿದವರೂ, ಕೀಲಿ ಕೊಟ್ಟವರೂ ಮೇಷ್ಟರೇ. ಅಮೆರಿಕಕ್ಕೆ ಹೊರಡುವ ಎರಡು ತಿಂಗಳ ಮೊದಲು ಬಸ್ ನಿಲ್ದಾಣದ ಸರ್ಕಲ್ಲಿನಲ್ಲಿ ಪೊಲೀಸರು ಹುಡುಗನನ್ನು ಹಿಡಿದರು. ಫೋನು ಬಂತು, ಮೇಷ್ಟರು ಹೋದರು. ಹಿಡಿದಿದ್ದ ಎಎಸ್‌ಐ ಅವರ ಹಳೆಯ ಶಿಷ್ಯ. “ನಿಮ್ಮ ಮೊಮ್ಮಗನಾ ಸಾರ್? ಮೊದಲೇ ಹೇಳಬಾರದಿತ್ತಾ?” ಎಂದು ಕೀಲಿ ಕೈಗಿಟ್ಟು ಕಳುಹಿಸಿಕೊಟ್ಟ. ಮೇಷ್ಟರೆಂಬ ಗೌರವ ಇನ್ನೂ ಉಳಿದಿದೆ ಎಂದು ಆ ರಾತ್ರಿ ಊಟದ ಹೊತ್ತಿನಲ್ಲಿ ಅವರು ಹೆಮ್ಮೆಯಿಂದ ಹೇಳಿಕೊಂಡಿದ್ದರು.

ಈಗ ಆ ಹೆಮ್ಮೆ ಗಂಟಲಲ್ಲಿ ಮುಳ್ಳಾಯಿತು. ಕಾನೂನು ಭಾರತದಲ್ಲಿ ಇಲ್ಲವೇ? ಇದೆ. ಸಿಗ್ನಲ್ ಇಲ್ಲದ ಜೀಬ್ರಾ ಪಟ್ಟಿಯಲ್ಲಿ ಮೊದಲ ಹಕ್ಕು ಪಾದಚಾರಿಯದು ಎಂದು ರಸ್ತೆ ನಿಯಮಗಳಲ್ಲೇ ಬರೆದಿದೆ. 50 ಸಿಸಿ ಮೀರದ, ಗೇರಿಲ್ಲದ ವಾಹನವನ್ನು 16 ತುಂಬಿದವರು ಲೈಸೆನ್ಸು ಪಡೆದು ಓಡಿಸಬಹುದು. ಅದಕ್ಕಿಂತ ಹೆಚ್ಚಿನದಕ್ಕೆ 18 ಆಗಬೇಕು. 2019ರ ತಿದ್ದುಪಡಿಯಂತೆ ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೋ ವಾಹನದ ಮಾಲೀಕರಿಗೋ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ಬೀಳಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ 25 ತುಂಬುವ ತನಕ ಲೈಸೆನ್ಸು ಸಿಗುವುದಿಲ್ಲ. ಮೇಷ್ಟರ ಸ್ಕೂಟರು 110 ಸಿಸಿಯದು, ನೋಂದಣಿಯೂ ಅವರ ಹೆಸರಿನಲ್ಲೇ ಇತ್ತು. ಪುಸ್ತಕದಲ್ಲಿ ಕಾನೂನಿಗೆ ಕೊರತೆ ಇರಲಿಲ್ಲ. ಅದು ರಸ್ತೆಗೆ ಇಳಿದು ಬಂದ ದಿನ ಅಡ್ಡ ನಿಂತು ವಾಪಸು ಕಳುಹಿಸಿದವರು ತಾವೇ.

ಊರಿಗೆ ಮರಳಿದ ಮರುದಿನವೇ ಅವರು ಮೊಮ್ಮಗನನ್ನು ಕರೆದು ಸ್ಕೂಟರಿನ ಕೀಲಿ ಕೇಳಿದರು.

“ಯಾಕೆ ತಾತ? ನಮ್ಮ ಕ್ಲಾಸಲ್ಲಿ ಎಲ್ಲರೂ ತರ್ತಾರೆ.”

“ತರಲಿ. ನಿನಗೆ ಹದಿನೆಂಟಾದ ದಿನ ಆರ್‌ಟಿಒ ಆಫೀಸಿಗೆ ನಾನೇ ಕರ್ಕೊಂಡು ಹೋಗ್ತೀನಿ. ಅಲ್ಲೀವರೆಗೂ ಸೈಕಲ್ಲು.”

ಹುಡುಗ ಕೀಲಿ ಕೊಟ್ಟ. ಕೊಡುವಾಗ ಒಂದು ಮಾತು ಕೇಳಿದ: “ಅಮೆರಿಕಾದಲ್ಲಿ ಪೊಲೀಸ್ ನಿಮ್ಮ ಶಿಷ್ಯ ಆಗಿದ್ದಿದ್ರೆ ಆಗೇನ್ ಮಾಡ್ತಿದ್ರಿ ತಾತ?”

ಮೂವತ್ತೆರಡು ವರ್ಷದ ಸರ್ವಿಸಿನಲ್ಲಿ ಹುಡುಗರ ಎಷ್ಟೋ ಪ್ರಶ್ನೆಗಳಿಗೆ ಥಟ್ಟನೆ ಉತ್ತರ ಕೊಟ್ಟಿದ್ದ ಮೇಷ್ಟರು ಅಂದು ಸುಮ್ಮನೆ ಕುಳಿತರು. ಹುಡುಗ ಎರಡು ವಾರ ಸರಿಯಾಗಿ ಮಾತಾಡಲಿಲ್ಲ. ಸೊಸೆಗೂ ಸ್ವಲ್ಪ ಬೇಸರವಾಯಿತು. ಚಳಿಗಾಲ, ಬೆಳಿಗ್ಗೆ ಆರಕ್ಕೇ ಟ್ಯೂಷನ್ನು. ಮೇಷ್ಟರು ಯಾರೊಂದಿಗೂ ವಾದಕ್ಕೆ ಇಳಿಯಲಿಲ್ಲ. ಐದೂವರೆಗೆ ಎದ್ದು ಸೈಕಲ್ಲಿನ ಚಕ್ರಕ್ಕೆ ಗಾಳಿ ಇದೆಯೇ ಎಂದು ಒತ್ತಿ ನೋಡುತ್ತಿದ್ದರು.

ಒಂದು ಸಂಜೆ ಅವರು ಸರ್ಕಲ್ಲಿನ ಬಳಿ ನಡೆದು ಹೋಗುತ್ತಿದ್ದಾಗ ಅದೇ ಎಎಸ್‌ಐ ಎದುರಾದರು. “ಏನ್ ಸಾರ್, ನಡ್ಕೊಂಡು ಬಂದ್ರಿ? ಮೊಮ್ಮಗ ಗಾಡೀಲಿ ಬಿಡಲಿಲ್ವಾ?”

“ಅವನಿಗಿನ್ನೂ ಹದಿನಾರು ಕಣಯ್ಯ. ಅವತ್ತು ನೀನು ಹಿಡಿದದ್ದು ಸರಿ ಇತ್ತು. ಬಿಡಿಸೋಕೆ ಬಂದವನು ನಾನು, ಅದು ತಪ್ಪು. ಇನ್ನೊಂದು ಸಲ ನನ್ನ ಹೆಸರು ಹೇಳಿಕೊಂಡು ಯಾರೇ ಬಂದ್ರೂ ಬಿಡಬೇಡ.”

ಶಿಷ್ಯ ತಲೆ ತಗ್ಗಿಸಿ, “ಆಯ್ತು ಸಾರ್” ಎಂದರು. ಪ್ರಾರ್ಥನೆಯ ಸಾಲಿನಲ್ಲಿ ನಿಂತ ಹುಡುಗನ ದನಿಯಂತಿತ್ತು ಅದು.

ಮೇಷ್ಟರು ರಸ್ತೆ ದಾಟಲು ನಿಂತರು. ಆರು ತಿಂಗಳ ಅಭ್ಯಾಸ. ಕುತ್ತಿಗೆ ತಾನಾಗಿಯೇ ಮೊದಲು ಎಡಕ್ಕೆ ಹೊರಳಿತು. ನೆನಪಾಗಿ ಬಲಕ್ಕೆ ನೋಡಿದರು. ಬಸ್ಸು, ಲಾರಿ, ಆಟೋಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು. ಎಎಸ್‌ಐ ಎರಡು ಹೆಜ್ಜೆ ಮುಂದೆ ಬಂದು ಕೈಯೆತ್ತಿ ವಾಹನಗಳನ್ನು ನಿಲ್ಲಿಸಿದರು. ಅದೇ ಹೊತ್ತಿಗೆ ಶಾಲೆ ಬಿಟ್ಟು ಬಂದ ನಾಲ್ಕಾರು ಮಕ್ಕಳು ಮೇಷ್ಟರ ಪಕ್ಕಕ್ಕೆ ಬಂದು ಸೇರಿಕೊಂಡರು. ಮೇಷ್ಟರು ಮಕ್ಕಳನ್ನು ಮುಂದೆ ಬಿಟ್ಟು, ಕೊನೆಯವರಾಗಿ ತಾವೂ ದಾಟಿದರು.