ಡ್ರೈವರ್ ಸಿಕ್ಕಿದ್ನಾ?

"ಏನಪ್ಪಾ, ಡ್ರೈವರ್ ಸಿಕ್ಕಿದ್ನಾ?"

ಅಡುಗೆಮನೆ ಬಾಗಿಲಲ್ಲಿ ನಿಂತು ಅಜ್ಜಿ ಹೀಗೆ ಕೇಳಿದಾಗ ರಾತ್ರಿ ಒಂಬತ್ತೂವರೆ. ಸಂಜೆಯಿಂದ ನಾನು ಫೋನಿನಲ್ಲಿ ಗೆಳೆಯನ ಹತ್ತಿರ "ಡ್ರೈವರ್ರೇ ಸಿಗ್ತಿಲ್ಲ ಮಗಾ" ಅಂತ ಗೋಳಾಡುತ್ತಿದ್ದದ್ದು ಅವಳ ಕಿವಿಗೆ ಬಿದ್ದಿತ್ತು. ನಾನು ಉತ್ತರ ಕೊಡೋದರೊಳಗೆ ಅಪ್ಪ ಟಿವಿ ಮುಂದಿನಿಂದಲೇ ಕೂಗಿದರು. "ಮೂವತ್ತು ವರ್ಷ ಸ್ಟೇರಿಂಗ್ ಹಿಡಿದೋನು ಇಲ್ಲೇ ಕೂತಿದ್ದೀನಿ. ಇವನಿಗೆ ಡ್ರೈವರ್ ಸಿಗ್ತಿಲ್ವಂತೆ!"

ಮನೆಯವರೆಲ್ಲ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ :-)

ಕಥೆ ಶುರುವಾಗಿದ್ದು 2025ರ ದೀಪಾವಳಿಗೆ ಊರಿಗೆ ಹೋದಾಗ. ಊರು ಅಂದ್ರೆ ಟಿ.ನರಸೀಪುರ. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು, ಈಗ ನಿವೃತ್ತರು. ನೀರು ತುಂಬೋ ಹಬ್ಬದ ದಿನ ಬೆಳಿಗ್ಗೆ ಅಕ್ಕ ನಂಜನಗೂಡಿನಿಂದ ಬಂದಳು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪ್ ಬ್ಯಾಗು. "ನೋಡೋ, ಇದ್ರಲ್ಲಿ ಏನೋ ದಿನಾ ದೊಡ್ಡದಾಗಿ ಮೆಸೇಜ್ ಬರ್ತಿದೆ. ಬೆಂಬಲ ನಿಂತುಹೋಯ್ತು ಅಂತೆ. ಏನಾದ್ರೂ ತೊಂದ್ರೆ ಆಗುತ್ತಾ?" ಅಂದಳು.

ಆಗಿದ್ದು ಇಷ್ಟೇ. ಅಕ್ಟೋಬರ್ 14, 2025ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿತ್ತು. ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ತಗೊಳ್ಳೋ ದಾರಿ ಇತ್ತು. ನನಗೆ ಅದು ಗೊತ್ತಿತ್ತು. ಆದ್ರೂ ನಾನು ಸಾಫ್ಟ್‌ವೇರ್ ಇಂಜಿನಿಯರ್ ನೋಡಿ... "ಎಷ್ಟು ದಿನ ಅಂತ ಹಳೇದನ್ನೇ ಇಟ್ಕೋತೀಯ, ಹೊಸದು ಹಾಕಿಕೊಡ್ತೀನಿ ಬಿಡು, ಒಂದು ಗಂಟೆ ಕೆಲಸ" ಅಂದುಬಿಟ್ಟೆ.

ಈ ಲ್ಯಾಪ್‌ಟಾಪಿನ ಬಗ್ಗೆ ಎರಡು ಮಾತು ಹೇಳಬೇಕು. 2015ರಲ್ಲಿ ನಾನು ಇಂಜಿನಿಯರಿಂಗ್ ಸೇರಿದಾಗ ಅಪ್ಪ ಪಿ.ಎಫ್. ಸಾಲ ತೆಗೆದು ಕೊಡಿಸಿದ್ದು. ಐದನೇ ತಲೆಮಾರಿನ ಐ3 ಪ್ರೊಸೆಸರ್. ಬಂದಾಗ ವಿಂಡೋಸ್ 8.1 ಇತ್ತು. ಆ ವರ್ಷವೇ ವಿಂಡೋಸ್ 10 ಪುಕ್ಕಟೆಯಾಗಿ ಸಿಕ್ಕಿತು, ಹಾಕಿಕೊಂಡೆ. 2019ರಲ್ಲಿ ಕೆಲಸ ಸಿಕ್ಕಿ ಕಂಪನಿ ಹೊಸ ಲ್ಯಾಪ್‌ಟಾಪ್ ಕೊಟ್ಟ ಮೇಲೆ ಇದನ್ನ ಅಕ್ಕನಿಗೆ ಕೊಟ್ಟೆ. ಕೊಡುವಾಗ ದಾನಶೂರ ಕರ್ಣನ ಥರ ಮುಖ ಮಾಡಿಕೊಂಡಿದ್ದೆ ಅನ್ನೋದು ಈಗ ನೆನಪಾಗುತ್ತೆ. ಆಮೇಲೆ 2021ರಲ್ಲಿ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ರ್‍ಯಾಮ್ ಎಂಟು ಜಿಬಿ ಮಾಡಿಕೊಟ್ಟೆ. ಅದೇ ಮೆಷಿನ್ ಇಟ್ಟುಕೊಂಡು ಅವಳು ನಂಜನಗೂಡಿನಲ್ಲಿ ಒಂದು ಸಣ್ಣ ಟೈಪಿಂಗ್, ಜೆರಾಕ್ಸ್ ಅಂಗಡಿ ನಡೆಸ್ತಾಳೆ. ಬಾಡಿಗೆ ಕರಾರು, ಅರ್ಜಿ, ನಾಮಕರಣದ ಕಾರ್ಡು, ತಿಥಿ ಕಾರ್ಡು, ಹೀಗೆ.

ವಿಂಡೋಸ್ 11 ಹಾಕೋಣ ಅಂದ್ರೆ ಅದಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರಾದರೂ ಇರಬೇಕು. ಕಳ್ಳದಾರಿಯಲ್ಲಿ ತೂರಿಸಬಹುದು, ಆದ್ರೆ ಮುಂದೆ ಅಪ್‌ಡೇಟ್ ಬರುತ್ತೆ ಅನ್ನೋ ಭರವಸೆ ಇಲ್ಲ. ಸರಿ, ಲಿನಕ್ಸ್ ಮಿಂಟ್ ಹಾಕೋದು ಅಂತ ತೀರ್ಮಾನ ಮಾಡಿದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡನ್ನೂ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇಡೀ ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಒತ್ತಿದೆ. ಇಪ್ಪತ್ತೇ ನಿಮಿಷ! ಹೊಸ ಮೆಷಿನ್ ಥರ ಫಳಫಳ ಅಂತ ಎದ್ದು ಕೂತಿತು. ಅಕ್ಕ ಖುಷಿಯಾದಳು. ನಾನು ಕಾಲರ್ ಎತ್ತಿಕೊಂಡೆ.

ನೋಡ್ತೀನಿ, ವೈಫೈ ಇಲ್ಲ. ಸಿಗ್ನಲ್ ಇಲ್ಲ ಅಂತಲ್ಲ, ವೈಫೈ ಅನ್ನೋ ವಸ್ತುವೇ ಇಲ್ಲ!

ಡ್ರೈವರ್ ಅಂದ್ರೇನು ಅಂತ ಆ ರಾತ್ರಿ ಮನೆಯವರಿಗೆಲ್ಲ ಪಾಠ ಮಾಡಬೇಕಾಯ್ತು. ಲ್ಯಾಪ್‌ಟಾಪಿನೊಳಗೆ ವೈಫೈಗೆ, ಸೌಂಡಿಗೆ, ಪರದೆಗೆ ಬೇರೆ ಬೇರೆ ಚಿಪ್ ಇರುತ್ತೆ. ಬೇರೆ ಬೇರೆ ಕಂಪನಿಯದ್ದು. ಒಂದೊಂದರ ಭಾಷೆ ಒಂದೊಂದು. ಆಪರೇಟಿಂಗ್ ಸಿಸ್ಟಮ್ಮಿಗೆ ಅಷ್ಟೂ ಭಾಷೆ ಬರೋದಿಲ್ಲ, ನಡುವೆ ದುಭಾಷಿ ಬೇಕು. ಆ ದುಭಾಷಿಯೇ ಡ್ರೈವರ್. ಆಪರೇಟಿಂಗ್ ಸಿಸ್ಟಮ್ ಬದಲಾದ್ರೆ ಹಳೇ ದುಭಾಷಿ ಕೆಲಸಕ್ಕೆ ಬರೋಲ್ಲ. 2007ರಲ್ಲಿ ಎಕ್ಸ್‌ಪಿಯಿಂದ ವಿಸ್ಟಾಗೆ ಹೋದವರಿಗೆ ಇದೇ ಗತಿಯಾಗಿತ್ತು. ಪ್ರಿಂಟರು, ಸ್ಕ್ಯಾನರು ಚೆನ್ನಾಗಿದ್ರೂ ಹೊಸ ಡ್ರೈವರ್ ಬರದೆ ಎಷ್ಟೋ ಮೂಲೆ ಸೇರಿದವು. ಲಿನಕ್ಸಿನಲ್ಲಿ ಬಹುಪಾಲು ಡ್ರೈವರ್ ಕರ್ನಲ್ ಜೊತೆಗೇ ಬರುತ್ತೆ. ಕೆಲವು ಚಿಪ್ಪಿನ ಡ್ರೈವರನ್ನ ಮಾತ್ರ ಬೇರೆಯಾಗಿ ಹಾಕಬೇಕು. ಅಕ್ಕನ ಲ್ಯಾಪ್‌ಟಾಪಿನ ವೈಫೈ ಚಿಪ್ ಆ ಜಾತಿಯದ್ದು. ಕಂಪನಿ ಹೆಸರು ಬೇಡ ಬಿಡಿ, ತಪ್ಪು ಮೊದಲೇ ನೋಡದ ನನ್ನದು.

ಪಾಠ ಕೇಳಿದ ಅಪ್ಪ, "ಅಂದ್ರೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಎಲ್ಲಾ ಗಾಡಿ ಓಡ್ಸಕ್ಕಾಗಲ್ಲ. ಒಂದೊಂದರ ಕ್ಲಚ್ಚು ಒಂದೊಂದು ಥರ. ಅಷ್ಟೇ ತಾನೆ?" ಅಂದರು. ಅಷ್ಟೇ.

ಯಾವ ಚಿಪ್ ಅಂತ ಕಂಡುಹಿಡಿಯೋದು ಕಷ್ಟವಲ್ಲ. ವಿಂಡೋಸ್ ಆದ್ರೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಇರೋದರ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿ ನೋಡಬೇಕು. ಲಿನಕ್ಸ್ ಆದ್ರೆ ಎಲ್‌ಎಸ್‌ಪಿಸಿಐ ಅನ್ನೋ ಕಮ್ಯಾಂಡ್. ಎರಡರಲ್ಲೂ ನಾಲ್ಕು ನಾಲ್ಕು ಅಕ್ಷರದ ಎರಡು ಸಂಖ್ಯೆ ಸಿಗುತ್ತೆ. ಮೊದಲನೆಯದು ಕಂಪನಿ, ಎರಡನೆಯದು ಚಿಪ್. ಇಂಟೆಲ್‌ನವರ ಸಂಖ್ಯೆ 8086. ತಮ್ಮ ಹಳೇ ಪ್ರೊಸೆಸರ್ ಹೆಸರನ್ನೇ ಇಟ್ಟುಕೊಂಡಿದ್ದಾರೆ! ಆ ಎರಡು ಸಂಖ್ಯೆ ಹಾಕಿ ಹುಡುಕಿದ್ರೆ ಉತ್ತರ ಸಿಗುತ್ತೆ. "ಎಲ್ಲಾ ಡ್ರೈವರ್ ಒಂದೇ ಕ್ಲಿಕ್ಕಿನಲ್ಲಿ" ಅನ್ನೋ ತಾಣಗಳ ತಂಟೆಗೆ ಮಾತ್ರ ಹೋಗಬೇಡಿ. ವಿಂಡೋಸ್‌ಗಾದ್ರೆ ಲ್ಯಾಪ್‌ಟಾಪ್ ತಯಾರಿಸಿದವರ ತಾಣದಲ್ಲಿ ಮಾಡೆಲ್ ನಂಬರ್ ಕೊಟ್ಟು ಅಲ್ಲಿಂದಲೇ ಇಳಿಸಿಕೊಳ್ಳಿ.

ಈಗ ಇನ್ನೊಂದು ಪೇಚು. ಇಂಟರ್ನೆಟ್ ಬೇಕಾದ್ರೆ ಡ್ರೈವರ್ ಬೇಕು. ಡ್ರೈವರ್ ಬೇಕಾದ್ರೆ ಇಂಟರ್ನೆಟ್ ಬೇಕು. ಹುಚ್ಚು ಬಿಡೋ ತನಕ ಮದುವೆ ಆಗೋಲ್ಲ, ಮದುವೆ ಆಗೋ ತನಕ ಹುಚ್ಚು ಬಿಡೋಲ್ಲ ಅಂತಾರಲ್ಲ, ಹಾಗೆ. ಕೊನೆಗೆ ಫೋನನ್ನ ಯುಎಸ್‌ಬಿ ಕೇಬಲ್ಲಿನಲ್ಲಿ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿದೆ. ನೆಟ್ ಬಂತು. ಮಿಂಟ್‌ನ ಡ್ರೈವರ್ ಮ್ಯಾನೇಜರ್ ತಾನೇ ಬೇಕಾದ ಡ್ರೈವರ್ ತೋರಿಸಿತು, ಹಾಕಿದೆ. ನಡುವೆ ಒಂದು ಪಾಸ್‌ವರ್ಡ್ ಕೇಳಿತು, ಕೊಟ್ಟು ರೀಸ್ಟಾರ್ಟ್ ಮಾಡಿ ಕಜ್ಜಾಯ ತಿನ್ನೋಕೆ ಎದ್ದು ಹೋದೆ. ಬಂದು ನೋಡಿದ್ರೆ ವೈಫೈ ಇಲ್ಲ!

ಸೆಕ್ಯೂರ್ ಬೂಟ್ ಆನ್ ಇದ್ರೆ ಹೊರಗಿನಿಂದ ಹಾಕಿದ ಡ್ರೈವರನ್ನ ಮೆಷಿನ್ ಸುಮ್ಮನೆ ನಂಬೋದಿಲ್ಲ. ರೀಸ್ಟಾರ್ಟ್ ಆದಾಗ ಒಂದು ನೀಲಿ ಪರದೆ ಬರುತ್ತೆ. ಹತ್ತು ಸೆಕೆಂಡಿನೊಳಗೆ ಯಾವುದಾದರೂ ಕೀ ಒತ್ತಿ, 'ಎನ್ರೋಲ್ ಎಂಓಕೆ' ಆರಿಸಿ, ಆ ಪಾಸ್‌ವರ್ಡ್ ಕೊಟ್ಟು "ಇವನು ನಮ್ಮವನೇ" ಅಂತ ಒಪ್ಪಿಸಬೇಕು. ನಾನು ಕಜ್ಜಾಯ ತಿನ್ನುವಾಗ ಆ ಹತ್ತು ಸೆಕೆಂಡ್ ಕಳೆದುಹೋಗಿತ್ತು. ಇದು ಗೊತ್ತಾಗೋಕೆ ಎರಡು ಗಂಟೆ ಹಿಡಿಯಿತು. ಅಜ್ಜಿ ಡ್ರೈವರ್ ಸಿಕ್ಕಿದ್ನಾ ಅಂತ ಕೇಳಿದ್ದು ಆಗಲೇ. ಒಂದು ಗಂಟೆ ಕೆಲಸ ರಾತ್ರಿ ಹನ್ನೊಂದಕ್ಕೆ ಮುಗಿಯಿತು. ಮುಗಿಯಿತು ಅಂದುಕೊಂಡೆ.

ಬಲಿಪಾಡ್ಯಮಿ ಮುಗಿಸಿಕೊಂಡು ಗುರುವಾರ ಬೆಳಿಗ್ಗೆ ಅಕ್ಕ ನಂಜನಗೂಡಿಗೆ ಹೋದಳು. ಹನ್ನೆರಡು ಗಂಟೆಗೆ ಫೋನ್. "ಪ್ರಿಂಟರ್ ಹಸಿರು ಲೈಟ್ ಉರೀತಿದೆ, ಪೇಪರ್ ಎಳೀತಿಲ್ಲ ಕಣೋ. ಫೈಲ್ ತೆಗೆದ್ರೂ ಏನೇನೋ ಬರ್ತಿದೆ." ಬೈಗುಳ ಇಲ್ಲ. ಸ್ವಲ್ಪ ಸುಮ್ಮನಿದ್ದು, "ಹಳೇದು ವಾಪಸ್ ಬರುತ್ತಾ?" ಅಂತ ಕೇಳಿದಳು. ಬರೋದಿಲ್ಲ ಅಂತ ಹೇಳೋ ಧೈರ್ಯ ಆಗಲಿಲ್ಲ. "ನಾನೇ ಬರ್ತೀನಿ ಇರು" ಅಂದೆ. "ನಾನೂ ಬತ್ತೀನಿ ನಡಿ" ಅಂತ ಅಪ್ಪನೂ ಹೊರಟರು. ಬಸ್ಸಿನಲ್ಲಿ ಅವರು ಡ್ರೈವರ್ ಪಕ್ಕದಲ್ಲೇ ಕೂತು ದಾರಿಯುದ್ದಕ್ಕೂ ಮಾತು. ನಾನು ಹಿಂದೆ ಕೂತು ಫೋನಿನಲ್ಲಿ ಪ್ರಿಂಟರ್ ಬಗ್ಗೆ ಓದುತ್ತಿದ್ದೆ.

ಅಂಗಡಿಯಲ್ಲಿ ಒಬ್ಬ ಯಜಮಾನರು ಸ್ಟೂಲ್ ಮೇಲೆ ಕೂತಿದ್ದರು. ತಲೆ ಬೋಳಿಸಿದ್ದರು. ಭಾನುವಾರ ಅವರ ತಾಯಿಯ ತಿಥಿ, ಕಾರ್ಡು ಆ ದಿನವೇ ಹಂಚಬೇಕಿತ್ತು. ಬೆಳಿಗ್ಗೆ ಹತ್ತಕ್ಕೆ ಬಂದವರಂತೆ. ಅಕ್ಕ ಅವರಿಗೆ ಎರಡು ಸಲ ಕಾಫಿ ತರಿಸಿದ್ದಳು.

ಲ್ಯಾಪ್‌ಟಾಪ್ ನೋಡಿದೆ. ಅವಳ ಫೈಲುಗಳೆಲ್ಲ ನುಡಿಯ ಹಳೇ ಫಾಂಟಿನಲ್ಲಿ ಮಾಡಿದ್ದು, ಯೂನಿಕೋಡ್ ಅಲ್ಲ. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನ ಕೂರಿಸಿದವು. ಫಾಂಟ್ ಇಲ್ಲದಿದ್ರೆ ಕನ್ನಡವೂ ಇಲ್ಲ. ನಾನು ಡಾಕ್ಯುಮೆಂಟ್ಸ್ ಉಳಿಸಿದ್ದೆ, ವಿಂಡೋಸ್ ಒಳಗಿದ್ದ ಫಾಂಟ್ ಫೋಲ್ಡರ್ ಅಳಿಸಿಹಾಕಿದ್ದೆ. ಪರದೆ ತುಂಬ ಪೌಂಡ್ ಗುರುತು, ತಲೆ ಮೇಲೆ ಗೆರೆ ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು. ನನಗೆ ಒಂದೂ ಅರ್ಥವಾಗಲಿಲ್ಲ. ಅಕ್ಕ ಬೆರಳಿಟ್ಟು ತೋರಿಸಿದಳು. "ಇದು ನಂಜನಗೂಡು ಕಣೋ. ಪೌಂಡ್ ಇದ್ದ ಕಡೆ ನ. ಇಲ್ಲಿ ಎರಡಿದೆ ನೋಡು. ಇವರ ತಿಥಿ ಕಾರ್ಡಿಗೆ ಈ ಫೈಲೇ ಬೇಕು."

ಆ ಗೋಜಲನ್ನ ಅವಳು ಓದುತ್ತಿದ್ದಳು! ಯಾರೂ ಹೇಳಿಕೊಟ್ಟಿದ್ದಲ್ಲ. ಪಿಯುಸಿಯಲ್ಲಿ ಅವಳಿಗೆ ನನಗಿಂತ ಜಾಸ್ತಿ ಅಂಕ ಬಂದಿತ್ತು. ಅಪ್ಪನ ಸಂಬಳದಲ್ಲಿ ಒಬ್ಬರನ್ನ ಇಂಜಿನಿಯರಿಂಗ್ ಓದಿಸಬಹುದಿತ್ತು, ಅದು ನಾನಾದೆ. ಅವಳು ಊರಲ್ಲೇ ಬಿ.ಕಾಂ ಮಾಡಿ ಮದುವೆಯಾದಳು. ಲ್ಯಾಪ್‌ಟಾಪ್ ಬಂದಿದ್ದೂ ನನಗೇ. ಈ ಮಾತು ನಮ್ಮ ಮನೆಯಲ್ಲಿ ಯಾರೂ ಆಡಿಲ್ಲ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಮಾತ್ರ ಅದೇ ಓಡುತ್ತಿತ್ತು.

ಕೆಲಸಕ್ಕೆ ಕೂತೆ. ಮತ್ತೆ ಫೋನ್ ಟೆದರಿಂಗ್. ನುಡಿ ಫಾಂಟುಗಳನ್ನ ಇಳಿಸಿ ಹಾಕಿದ ತಕ್ಷಣ ಫೈಲು ಕನ್ನಡವಾಯಿತು. ಟೈಪಿಂಗಿಗೆ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ಸೇರಿಸಿದೆ. ಅದು ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತಿದ್ದು, ನುಡಿಯಲ್ಲಿರೋದೂ ಅದೇ. ಹಾಗಾಗಿ ಅಕ್ಕನ ಬೆರಳಿಗೆ ಏನೂ ಬದಲಾಗಲಿಲ್ಲ. ಹೊಸದಾಗಿ ಹೊಡೆಯೋದು ಮಾತ್ರ ಯೂನಿಕೋಡ್. ಹಳೇ ಫೈಲಿಗೆ ಹೊಸ ಹೆಸರು ಸೇರಿಸೋದು ಹೇಗೆ? ಆಸ್ಕಿಯಿಂದ ಯೂನಿಕೋಡಿಗೆ ಬದಲಾಯಿಸೋ ಪರಿವರ್ತಕಗಳಿವೆ, ಕನ್ನಡದವರೇ ಮಾಡಿ ಪುಕ್ಕಟೆ ಇಟ್ಟಿದ್ದಾರೆ. ಕಾರ್ಡಿನ ಒಕ್ಕಣೆಯನ್ನ ಅದರೊಳಗೆ ಹಾಕಿ ತೆಗೆದೆವು. ಒಂದೆರಡು ಒತ್ತಕ್ಷರ ಕೆಟ್ಟಿತ್ತು, ಅಕ್ಕ ಸರಿ ಮಾಡಿದಳು.

ಪ್ರಿಂಟರಿನದು ಬೇರೆ ಕಾಯಿಲೆ. ಕೆಲವು ಅಗ್ಗದ ಲೇಸರ್ ಪ್ರಿಂಟರುಗಳಿಗೆ ಸ್ವಂತ ಬುದ್ಧಿ ಕಮ್ಮಿ. ಆನ್ ಮಾಡಿದಾಗಲೆಲ್ಲ ಕಂಪ್ಯೂಟರೇ ಅದಕ್ಕೆ ಫರ್ಮ್‌ವೇರ್ ಕಳಿಸಬೇಕು. ಕಳಿಸದಿದ್ರೆ ಲೈಟ್ ಉರಿಯುತ್ತೆ, "ಪ್ರಿಂಟ್ ಆಯಿತು" ಅಂತಲೂ ತೋರಿಸುತ್ತೆ, ಕಾಗದ ಮಾತ್ರ ಬರೋಲ್ಲ. ಆ ಫರ್ಮ್‌ವೇರ್ ಇರೋದು ಕಂಪನಿಯವರು ಬೇರೆಯಾಗಿ ಕೊಡೋ ಪ್ಲಗಿನ್‌ನಲ್ಲಿ. ಇಳಿಸಿ, ಹಾಕಿ, ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದಾಗ ಗರ್ ಅಂತ ಸದ್ದು ಬಂತು. ಎಷ್ಟು ಹಿತವಾದ ಸದ್ದು! ಐದೂಕಾಲಿಗೆ ಮೊದಲ ಕಾರ್ಡು ಹೊರಬಂತು. ಯಜಮಾನರು ಅದನ್ನ ಎರಡು ಕೈಯಲ್ಲಿ ಹಿಡಿದು ತಾಯಿಯ ಹೆಸರು ಓದಿಕೊಂಡರು. "ಸರ್ಯಾಗದೆ ಕಣವ್ವ" ಅಂದರು. ನೂರು ಕಾರ್ಡ್ ಹೊಡೆದುಕೊಟ್ಟ ಅಕ್ಕ, ಅವರು ಎಷ್ಟು ಹೇಳಿದ್ರೂ ಕಾಗದದ ದುಡ್ಡು ಬಿಟ್ಟು ಬೇರೆ ತಗೊಳ್ಳಲಿಲ್ಲ.

ಅವರು ಹೋದ ಮೇಲೆ "ಸಾರಿ ಕಣೇ ಅಕ್ಕ" ಅಂದೆ. "ಹೋಗ್ಲಿ ಬಿಡು. ಸ್ಪೀಡ್ ಆಗಿದೆ ಈಗ" ಅಂದಳು. ಆಮೇಲೆ ಕಾಗದದ ಚೂರು ಗುಡಿಸುತ್ತಾ, "ಮುಂದಿನ ಸಲ ಮೊದಲು ನನ್ನ ಕೇಳು. ಯಾವ್ಯಾವುದು ದಿನಾ ಬೇಕು ಅಂತ ನನಗೆ ಗೊತ್ತಿರುತ್ತಲ್ಲ" ಅಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕ ಕೂತರು. "ನನಗೆ ಹೊಸ ಗಾಡಿ ಕೊಟ್ಟಾಗ ಮೊದಲು ಒಂದು ರೌಂಡ್ ಖಾಲಿ ಓಡಿಸಿ ನೋಡ್ತಿದ್ದೆ. ಜನಾನ ಹತ್ತಿಸ್ಕೊಂಡು ಬ್ರೇಕ್ ಹಿಡೀತದಾ ಅಂತ ನೋಡ್ತಿರಲಿಲ್ಲ."

ಸುಮ್ಮನಿದ್ದೆ. ಹೇಳೋಕೆ ಏನೂ ಇರಲಿಲ್ಲ. ಏಕೆಂದ್ರೆ ಲಿನಕ್ಸಿನ ಪೆನ್‌ಡ್ರೈವಿನಲ್ಲಿ ಆ ಸೌಕರ್ಯ ಇದ್ದೇ ಇದೆ. ಇನ್‌ಸ್ಟಾಲ್ ಮಾಡದೆ, ಒಳಗಿನದನ್ನ ಮುಟ್ಟದೆ, ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು. ವೈಫೈ ಬರುತ್ತಾ, ಸೌಂಡ್ ಬರುತ್ತಾ, ಪ್ರಿಂಟರ್ ಕಾಗದ ಎಳೆಯುತ್ತಾ, ಅಕ್ಕನ ಒಂದು ಫೈಲ್ ತೆರೆಯುತ್ತಾ. ಹತ್ತು ನಿಮಿಷದ ಕೆಲಸ. ಅಕ್ಕನನ್ನ ಪಕ್ಕದಲ್ಲಿ ಕೂರಿಸಿಕೊಂಡಿದ್ರೆ ಇನ್ನೂ ಬೇಗ ಗೊತ್ತಾಗುತ್ತಿತ್ತು. ಆ ನಾಲ್ಕು ದಿನ ವೈಫೈ ಡ್ರೈವರ್, ಪ್ರಿಂಟರ್ ಡ್ರೈವರ್ ಅಂತ ಊರೆಲ್ಲ ಹುಡುಕಿದೆ. ಆ ಲ್ಯಾಪ್‌ಟಾಪನ್ನ ಆರು ವರ್ಷದಿಂದ ಓಡಿಸುತ್ತಿರೋ ಡ್ರೈವರ್ ನಮ್ಮ ಮನೆಯಲ್ಲೇ ಕಜ್ಜಾಯ ಕರಿಯುತ್ತಾ ಇದ್ದಳು. ಅವಳನ್ನ ಒಂದು ಮಾತು ಕೇಳಲಿಲ್ಲ.

ನಿಮ್ಮ ಮನೆಯಲ್ಲೂ ಹಳೇ ಲ್ಯಾಪ್‌ಟಾಪ್ ಇದ್ದು, ಹೊಸದು ಹಾಕೋ ಯೋಚನೆ ಇದ್ರೆ, ಹಾರ್ಡ್‌ವೇರ್ ಐಡಿಗಳನ್ನ ಬರೆದಿಟ್ಟುಕೊಳ್ಳಿ, ಫಾಂಟ್ ಫೋಲ್ಡರ್ ಉಳಿಸಿಕೊಳ್ಳಿ, ಒಂದು ರೌಂಡ್ ಖಾಲಿ ಓಡಿಸಿ. ಅದಕ್ಕೂ ಮೊದಲು, ಅದನ್ನ ದಿನಾ ಬಳಸೋರು ಯಾರಿದ್ದಾರೋ ಅವರನ್ನ ಕೇಳಿ.

ಮೊನ್ನೆ ಫೋನ್ ಮಾಡಿದಾಗ ಅಜ್ಜಿ ಮತ್ತೆ ಕೇಳಿದಳು, ಡ್ರೈವರ್ ಸಿಕ್ಕಿದ್ನಾ ಅಂತ. ಸಿಕ್ಕಿದಳು ಅಜ್ಜಿ ಅಂದೆ. ಅವಳು ಅದನ್ನ ಏನಂತ ತಿಳಕೊಂಡಳೋ, "ಯಾವೂರ ಹುಡುಗಿನೋ?" ಅಂದಳು :-)