ಎರಡು ನಿಮಿಷದ ಗೋದಿ

ಮೊನ್ನೆ ಮೌಶಿ ಫೋನ್ ಹಚ್ಚಿದ್ಲು. "ಏನ, ಯಾವಾಗ ಹಚ್ಚಿದ್ರೂ ಎತ್ತೂದಿಲ್ಲಲ್ಲ, ಅಂಥಾದ್ದೇನು ಕೆಲಸ ನಿನಗ?" ಅಂತ ಬೈದ್ಲು. "ಹೊಲದಾಗಿದ್ದೆ ಮೌಶಿ" ಅಂತ ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡೆ. ನಾವಿರೂದು ಎರಡನೇ ಮಾಳಿಗಿ ಮ್ಯಾಲೆ, ಬಾಡಿಗಿ ಮನಿಯೊಳಗ. ಬಾಲ್ಕನಿಯಾಗ ಒಂದು ತುಳಸಿ, ಒಂದು ಕರಿಬೇವು, ಅಷ್ಟೇ ನಮ್ಮ ಆಸ್ತಿ. ನಾ ಇದ್ದದ್ದು ಮೊಬೈಲಿನೊಳಗಿನ ಹೊಲದಾಗ.

ಆಟದ ಹೆಸರು ಹೇ ಡೇ. ನಿಮ್ಮೊಳಗೂ ನಾಕೈದು ಮಂದಿ ಆಡ್ತೀರಿ, ಹೇಳೂದಿಲ್ಲ ಅಷ್ಟೇ. ಫಿನ್ಲಂಡ್ ದೇಶದ ಸೂಪರ್‌ಸೆಲ್ ಅನ್ನೋ ಕಂಪನಿ 2012ರಾಗ ತಂದದ್ದು. ಗೋದಿ ಬೆಳೀಬೇಕು, ಮೆಕ್ಕೆಜೋಳ ಬೆಳೀಬೇಕು, ಎರಡೂ ಕೂಡಿಸಿ ಕೋಳಿಗೆ ಕಾಳು ಮಾಡಬೇಕು, ಕೋಳಿ ತತ್ತಿ ಇಡ್ತಾವ. ಮೂರು ಗೋದಿಗೆ ಒಂದು ಬ್ರೆಡ್. ಅದನ್ನ ಲಾರಿಗೆ ಹೇರಿ ಕಳಿಸೂದು, ಇಲ್ಲಾಂದ್ರ ರಸ್ತೆ ಬದಿ ಅಂಗಡಿಯೊಳಗ ಇಡೂದು. ಎಲ್ಲೆಲ್ಲಿಂದೋ ಆಡೋ ಮಂದಿ ಬಂದು ಕೊಳ್ತಾರ. ಬಂದ ರೊಕ್ಕದಾಗ ಆಕಳು, ಬೆಣ್ಣಿ ಮಷಿನ್ನು, ಸಕ್ಕರಿ ಗಿರಣಿ. ತತ್ತಿ ಮುಟ್ಟದ ಮನಿತನ ನಮ್ಮದು. ನಾ ನೋಡಿದ್ರ ಪಡಸಾಲ್ಯಾಗ ಕೂತು ದಿನಾ ಡಜನ್‌ಗಟ್ಟಲೆ ತತ್ತಿ ಮಾರಲಿಕ್ಕೆ ಹತ್ತಿದ್ದೆ.

ಹಾಕಿಕೊಟ್ಟಾಕಿ ಮಗಳು. ಬ್ಯಾಸಿಗಿ ಸೂಟಿಯಾಗ "ಅಮ್ಮಾ, ಇದು ನಿನಗ ಭಾಳ ಸೇರ್ತದ ನೋಡು" ಅಂದ್ಲು. ಎಂಟು ದಿನಕ್ಕ ಅಕಿಗೆ ಬ್ಯಾಸರಾಗಿ ಬಿಟ್ಲು. ನನಗ ಅಂಟಿಕೊಂಡ್ತು.

ಯಾಕ ಅಂಟಿಕೊಂಡ್ತು ಅಂತ ಆಮ್ಯಾಲೆ ಭಾಳ ವಿಚಾರ ಮಾಡಿದೆ. ಒಂದು, ಅಲ್ಲೆ ಮಾಡಿದ ಕೆಲಸಕ್ಕ ಆವಾಗಿಂದಾವಾಗ ನಾಣ್ಯ ಬೀಳ್ತದ, ಠಣ್ ಅಂತ ಸಪ್ಪಳ ಬರ್ತದ. ನಮ್ಮ ಮನಿಯೊಳಗ ಭಾಂಡಿ ತಿಕ್ಕಿದ್ರ, ಅರಿವಿ ಮಡಚಿದ್ರ ಯಾರು ಠಣ್ ಅನಸ್ತಾರ್ರಿ? ಇನ್ನೊಂದು, ಅದರ ವೇಳೆ ಲೆಕ್ಕ. ಗೋದಿಗೆ ಎರಡು ನಿಮಿಷ, ಮೆಕ್ಕೆಜೋಳಕ್ಕ ಐದು, ಗಜ್ಜರಿಗೆ ಹತ್ತು, ಕೋಳಿಗೆ ಇಪ್ಪತ್ತು, ಆಕಳಿಗೆ ಒಂದು ತಾಸು. ಒಂದು ಮುಗೀತು ಅನ್ನೂದರೊಳಗ ಇನ್ನೊಂದು ಕರೀತದ. ಕೊಯ್ಯುವಾಗ ಒಮ್ಮೊಮ್ಮೆ ಒಂದು ಬೋಲ್ಟೋ, ಹಲಗಿಯೋ ಪುಕ್ಕಟೆ ಸಿಗ್ತದ. ಉಗ್ರಾಣ ದೊಡ್ಡದು ಮಾಡಲಿಕ್ಕೆ ಅವು ಬೇಕು. ಯಾವಾಗ ಸಿಗ್ತಾವ ಅಂತ ಗೊತ್ತಿಲ್ಲ, ಹಿಂಗಾಗಿ "ಇನ್ನೊಂದ ಸಲ ಕೊಯ್ದು ನೋಡೂಣು" ಅಂತ ಕೈ ಬಿಡೂದಿಲ್ಲ.

ಮಜಾ ಅಂದ್ರ, ಈ ಆಟದಾಗ ಬೆಳಿ ಒಣಗೂದಿಲ್ಲ. ನಾಳೆ ಹೋದ್ರೂ ಗೋದಿ ಹಂಗೇ ನಿಂತಿರ್ತದ, ಕೋಳಿ ಉಪವಾಸ ಬಿದ್ದು ಸಾಯೂದಿಲ್ಲ. ಅವಸರ ಅದರದ್ದಲ್ಲ, ನಂದು.

ನಾ ದಿನಾ ತಾಸುಗಟ್ಟಲೆ ಆಡ್ತೀನಿ ಅಂತ ನನಗ ಅನ್ನಿಸಲೇ ಇಲ್ಲ. ಯಾಕಂದ್ರ ಕೂತು ಆಡಿದ್ದೇ ಇಲ್ಲ. ಕುಕ್ಕರ್ ಸೀಟಿ ಹೊಡಿಯೂತನಕ, ಹಾಲು ಕಾಯೂತನಕ, ಕಣಕ ನೆನಿಯೂತನಕ. ನಡುನಡುವ ಎರಡೆರಡು ನಿಮಿಷ. ಹಾಲು ಮೂರು ಸಲ ಉಕ್ಕಿತು. ಒಂದು ದಿವಸ ಹಂಚಿನ ಮ್ಯಾಲಿನ ಭಕ್ರಿ ಕರಕಾಗಿ ಎಮ್ಮಿಗೂ ಹಾಕದಂಗಾತು. ಮನಿಯವರು ನಕ್ಕು ಸುಮ್ಮನಾದ್ರು. ನಾನೂ ನಕ್ಕೆ.

ನಗು ನಿಂತದ್ದು ಶ್ರಾವಣದಾಗ ಒಂದು ಸಂಜಿ.

ನಮ್ಮ ಅತ್ತಿಯವರಿಗೆ ಸಕ್ಕರಿ ಕಾಯಿಲೆ, ಎರಡೂ ಹೊತ್ತು ಇನ್ಸುಲಿನ್. ಸಂಜಿ ಏಳಕ್ಕ ನಾನೇ ಚುಚ್ಚತೀನಿ, ಏಳೂವರಿಗೆ ತಾಟು ಮುಂದಿಡಬೇಕು. ಡಾಕ್ಟರು ನಿಕ್ಕಿ ಹೇಳಿದ್ದದು. ಅವತ್ತು ಚುಚ್ಚಿ ಅಡಿಗಿಮನಿಗೆ ಬಂದೆ. ಪಲ್ಯ ಆಗಿತ್ತು, ಭಕ್ರಿ ಬಡಿಯೂದಷ್ಟೇ ಬಾಕಿ. ಗೋದಿ ಬಂದಿತ್ತು, ಕೊಯ್ದೆ. ಲಾರಿಗೆ ಎರಡು ಬ್ರೆಡ್ ಕಡಿಮಿ ಇದ್ವು, ಹಚ್ಚಿದೆ. ಮತ್ತ ಗೋದಿ ಬಿತ್ತಿದೆ.

ಅತ್ತಿಯವರು ಕರೆಯೋ ಮಂದಿ ಅಲ್ಲ. ಕೇಳಿ ಇಸಗೊಳ್ಳೂದು ಅವರ ಸ್ವಭಾವದಾಗೇ ಇಲ್ಲ. ತಾಟು ತಗೊಂಡು ಹೋದಾಗ ಗಡಿಯಾರದಾಗ ಎಂಟು ದಾಟಿತ್ತು. ಕಾಟಿನ ಮ್ಯಾಲೆ ಗ್ವಾಡಿಗೆ ಆತು ಕೂತಿದ್ರು. ಹಣಿ ತುಂಬ ಬೆವರು, ಕೈ ಗಡಗಡ ನಡಗಲಿಕ್ಕೆ ಹತ್ತಿತ್ತು. "ಅತ್ಯಾ" ಅಂದ್ರ ನನ್ನ ಕಡೆ ನೋಡಿದ್ರು, ಗುರುತು ಹಿಡದಂಗ ಕಾಣಲಿಲ್ಲ. ನನ್ನ ಕಾಲಾಗಿನ ಶಕ್ತಿ ಇಳದುಹೋತು. ಓಡಿಹೋಗಿ ಮೂರು ಚಮಚ ಸಕ್ಕರಿ ನೀರಿನಾಗ ಕಲಸಿ ಸಾವಕಾಶ ಗುಟುಕು ಗುಟುಕಾಗಿ ಕುಡಿಸಿದೆ. ಹದಿನೈದು ನಿಮಿಷಕ್ಕ ಮೋರೆ ತಿಳಿಯಾತು. "ಊಟ ಆತೇನವಾ ನಿಂದು?" ಅಂತ ನನ್ನನ್ನೇ ಕೇಳಿದ್ರು.

ಅವತ್ತು ಯಾರೂ ನನಗ ಬೈಲಿಲ್ಲ. ಮನಿಯವರು "ಇನ್ನ ಮ್ಯಾಲೆ ನಾ ನೆನಪು ಮಾಡ್ತೀನಿ" ಅಂದ್ರು. ಬೈದಿದ್ರ ಹಗುರಾಗ್ತಿತ್ತು. ಆಟದ ಮ್ಯಾಲೆ ಹಾಕಿ ಕೈ ತೊಳಕೊಳ್ಳಲಿಕ್ಕೂ ಆಗಲಿಲ್ಲ. ಅದೇನು ನನ್ನ ಕೈ ಹಿಡದು ಕೂಡಿಸಿತ್ತೇನು?

ಮೊಬೈಲ್ ಮುಟ್ಟದ ಮುಂದಿನ ವಾರ, ಇಂಜೆಕ್ಷನ್ ಆದ ಮ್ಯಾಲಿನ ಆ ಅರ್ಧ ತಾಸು ಏನು ಮಾಡಬೇಕಂತ ತಿಳೀವಲ್ದಾತು. ಭಕ್ರಿ ಮೊದಲೇ ಬಡದಿಟ್ಟು ಬಳ್ಳೊಳ್ಳಿ ಬಿಡಸ್ಕೋತ ಅವರ ಕಾಟಿನ ಬಾಜೂಕ ಕೂತೆ. ಸುಮ್ಮನ ಕೂಡೂದ್ಯಾಕ ಅಂತ ಅಂಜಿಕೋತ ನನ್ನ ಆಟದ ಕಥಿ ಹೇಳಿದೆ. ಆಕಳು, ಬೆಣ್ಣಿ, ಅಂಗಡಿ ಎಲ್ಲಾ. ಅವರು ಕೇಳಿ ಸಣ್ಣಗ ನಕ್ಕರು. "ನಾನೂ ಬೆಣ್ಣಿ ಮಾರೀನವಾ. ನಿಮ್ಮ ಮಾವನವರಿಗೆ ಗೊತ್ತಿದ್ದಿಲ್ಲ."

ಎರಡು ಎಮ್ಮಿ ಇದ್ವಂತ. ದಿನಾ ಕಡಿಯುವಾಗ ಲಿಂಬಿಕಾಯಿಯಷ್ಟು ಬೆಣ್ಣಿ ತಗದಿಟ್ಟು, ಹಿತ್ತಲ ಬಾಗಲದಿಂದ ಓಣಿಯ ಇಬ್ಬರಿಗೆ ಕೊಡ್ತಿದ್ರಂತ. ರೊಕ್ಕ ಮೆಂತ್ಯದ ಡಬ್ಬಿಯೊಳಗ. ಯಾರಿಂದ ಎಷ್ಟು ಬಾಕಿ ಅಂತ ಗ್ವಾಡಿಗೆ ಇದ್ದಲಿ ಗೀಟು. ನಮ್ಮ ಮನಿಯವರ ಮ್ಯಾಟ್ರಿಕ್ ಪರೀಕ್ಷಾ ಫೀ ಕಟ್ಟಿದ್ದು ಅದೇ ಡಬ್ಬಿ ರೊಕ್ಕಂತ. ಲಗ್ನಾಗಿ ಇಪ್ಪತ್ತೆರಡು ವರ್ಷ, ನಾ ಈ ಮಾತು ಕೇಳಿದ್ದೇ ಇಲ್ಲ. ಎಲ್ಲಿಂದ ಕೇಳಲಿ? ಅವರು ಮಾತಾಡೂದು ಹಿಂಗೇ, ಬಳ್ಳೊಳ್ಳಿ ಬಿಡಿಸೋ ಹೊತ್ತಿನಾಗ. ಆ ಹೊತ್ತು ನಾ ಗೋದಿಗೆ ಕೊಟ್ಟಿದ್ದೆ.

ಆಟ ತಗದು ಹಾಕಿಲ್ಲ, ಖರೇ ಹೇಳ್ತೀನಿ. ಆದ್ರ ಕರೆಯೋ ಗಂಟಿ ಬಂದ್ ಮಾಡೀನಿ. ಈಗ ಗೋದಿ ಬಿತ್ತೂದಿಲ್ಲ. ಮಧ್ಯಾಹ್ನ ಊಟ ಆದ ಮ್ಯಾಲೆ ಒಂದು ಸಲ ಕುಂಬಳ ಬಿತ್ತತೀನಿ. ಅದಕ್ಕ ಮೂರು ತಾಸು ಬೇಕು, ಫೋನ್ ಕೆಳಗಿಡಲಿಕ್ಕೆ ಬರ್ತದ. ನಿಮ್ಮೊಳಗ ಯಾರರೇ ಆಡ್ತಿದ್ರ ಇದೊಂದು ಮಾಡಿ ನೋಡ್ರಿ. ಅತ್ತಿಯವರು ಒಮ್ಮೊಮ್ಮೆ ಅವರೇ ಕೇಳ್ತಾರ, "ನಿನ್ನ ಆಕಳಿಗೆ ಹಾಕಿದೇನವಾ?"

ಮೌಶಿ, ಇನ್ನ ಫೋನ್ ಹಚ್ಚು, ಎತ್ತತೀನಿ. ಸಂಜಿ ಏಳರಿಂದ ಏಳೂವರಿ ಮಾತ್ರ ಬ್ಯಾಡ.